ಕೆಂಪು ಬೆಳಕಿನ ಕೆಳಗೆ ನನ್ನ ಬಲಗಾಲು

ಆಳಂದದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ನಾನು ಸೈನ್ಸ್ ಮತ್ತು ಇಂಗ್ಲಿಷ್ ಕಲಿಸಿದೆ. ಸುಶೀಲಾ ಟೀಚರ್ ಎಂದರೆ ಊರಿನಲ್ಲಿ ಈಗಲೂ ನಮ್ಮ ಮನೆ ತೋರಿಸುತ್ತಾರೆ. ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ನಾನೇ ಹೇಳಿಕೊಂಡರೆ ಜಂಬ ಅನ್ನಿಸಬಹುದು, ಅನ್ನಿಸಲಿ. ಗಾಯಕ್ಕೆ ಚಹಾಪುಡಿ, ಸುಣ್ಣ, ಬೂದಿ ಏನನ್ನೂ ಹಚ್ಚಬಾರದು ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಐದೈದು ಸಲ ಬರೆಸುತ್ತಿದ್ದೆ.

ಹಾಗಿದ್ದೂ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನ್ನ ಬಲಗಾಲನ್ನು ಕಳೆದುಕೊಳ್ಳುವ ಹಂತಕ್ಕೆ ನಾನೇ ತಂದುಕೊಂಡೆ. ಅದನ್ನು ಬರೆದಿಡಬೇಕು ಅನ್ನಿಸಿದೆ, ಯಾಕೆಂದರೆ ಆ ದಿನಗಳಲ್ಲಿ ನನಗೆ ಓದಲು ಇಂಥದ್ದೊಂದು ಸಿಗಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕದ್ದೆಲ್ಲ ಹುಣ್ಣಾದ ಕಾಲುಗಳ ಫೋಟೋ. ಆ ಕಾಲುಗಳ ಮೇಲೆ ಮನುಷ್ಯರು ಇರಲಿಲ್ಲ.

ಶುರುವಾದದ್ದು ಎಳ್ಳಮಾವಾಸ್ಯೆಯ ದಿನ. ನಮ್ಮ ಕಡೆ ಅಂದು ಮನೆಗೆ ಮನೆಯೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಎಲ್ಲ ಹೊತ್ತು ಹೋಗಿ, ಪೂಜೆ ಮಾಡಿ, ಎಡೆಯ ಅನ್ನವನ್ನು ಹೊಲದ ತುಂಬ ಚೆಲ್ಲುತ್ತಾ ಒಂದು ಸುತ್ತು ಬರುವುದು ಪದ್ಧತಿ. ಅದಕ್ಕೆ ಚರಗ ಅನ್ನುತ್ತೇವೆ. ಆ ದಿನ ನೆಲ ಬಸುರಿ ಎಂಬ ಭಾವನೆ. ಚಪ್ಪಲಿ ಮೆಟ್ಟಿ ತುಳಿಯುವುದಿಲ್ಲ. ಮಟಕಿ ಎಂಬ ಊರಿನ ಹತ್ತಿರ ನಮ್ಮ ಹೊಲ. ಸಕ್ಕರೆ ಕಾಯಿಲೆ ಬಂದಾಗಿನಿಂದ ನಾನು ಬರಿಗಾಲಲ್ಲಿ ಅಂಗಳಕ್ಕೂ ಇಳಿದವಳಲ್ಲ, ಸದಾ ಕ್ಯಾನ್ವಾಸ್ ಶೂ. ಅಂದು ಬದುವಿನ ಮೇಲೆ ಕೂತು ಅದರ ಲೇಸು ಬಿಚ್ಚತೊಡಗಿದೆ.

ಭಾಗಮ್ಮ ನೋಡಿದಳು. ಭಾಗಮ್ಮ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನಲವತ್ತೈದು ವರ್ಷದಿಂದ ನಾವು ಒಂದೇ ಮನೆಯಲ್ಲಿ ಇದ್ದೇವೆ. ನನ್ನ ಯಜಮಾನರು ತೀರಿಕೊಂಡ ಮೇಲೂ ನಾನು ಬೇರೆ ಎಲ್ಲಿಗೂ ಹೋಗಲಿಲ್ಲ. ಅವಳು ಎರಡನೆಯ ಈಯತ್ತೆಗೆ ಶಾಲೆ ಬಿಟ್ಟವಳು.

"ಯಕ್ಕಾ, ಬೂಟು ಹಾಕ್ಕೊಂಡೇ ಚೆಲ್ಲು. ಭೂಮಿತಾಯಿ ಏನೂ ಅನ್ನಂಗಿಲ್ಲ."

"ನಿನಗ ತಿಳಿಯಂಗಿಲ್ಲ, ಸುಮ್ನಿರು ಬೇ. ಒಂದ್ ದಿನಕ್ಕ ಏನ್ ಆಗ್ತದ?"

"ಆತವ್ವ. ನೀ ಕಲ್ತಾಕಿ, ನಾ ಏನ್ ಹೇಳ್ಲಿ."

ತೊಗರಿ ಕೊಯ್ದ ಪಟ್ಟಿಯಲ್ಲಿ ನಡೆದೆ. ಕೊಯ್ದ ತೊಗರಿಯ ಕೂಳೆ ಎಂದರೆ ನೆಲದಿಂದ ಗೇಣುದ್ದ ನಿಂತ ಮೊಳೆಗಳೇ. ಚಿಕ್ಕವಳಿದ್ದಾಗ ಅದರ ನಡುವೆ ಓಡುತ್ತಿದ್ದೆ, ಚುಚ್ಚಿದರೆ ಕಿರುಚುತ್ತಿದ್ದೆ. ಈ ಸಲ ಯಾವುದೂ ಚುಚ್ಚಲಿಲ್ಲ. ಪರವಾಗಿಲ್ಲ, ನಡಿಗೆ ಇನ್ನೂ ಗಟ್ಟಿ ಇದೆ ಎಂದು ಒಳಗೊಳಗೇ ಹಿಗ್ಗಿದೆ. ಗುಲಬರ್ಗಾದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ತಲೆಯ ಮೇಲೆ ಅಟ್ಲಾಸ್ ಇಟ್ಟು ವೆರಾಂಡಾದ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದರು. "ವಾಕ್ ಲೈಕ್ ಎ ಲೇಡಿ, ಸುಶೀಲಾ!" ಪಿನಾಫೋರಿನ ಒಳಗೆ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ತಲೆಯ ಮೇಲೆ ಇಡೀ ಪ್ರಪಂಚದ ನಕಾಶೆ. ಬೀಳಿಸದೆ ನಡೆಯುತ್ತಿದ್ದವಳು ನಾನೊಬ್ಬಳೇ.

ಸಂಜೆ ಮನೆಗೆ ಬಂದು ಪಡಸಾಲೆಯಲ್ಲಿ ಅತ್ತಿತ್ತ ಓಡಾಡುತ್ತಿದ್ದೆ. ಭಾಗಮ್ಮ ಪಾತ್ರೆ ಹೊತ್ತುಕೊಂಡು ಬಂದವಳು ಅಲ್ಲೇ ನಿಂತಳು.

"ಯಾರ್ ಬೇ ಇಲ್ಲಿ ಕುಂಕುಮ ಚೆಲ್ಯಾರ?"

ಬಿಳಿ ಟೈಲ್ಸಿನ ಮೇಲೆ ಹೆಜ್ಜೆ ಹೆಜ್ಜೆಗೂ ಒಂದು ಕೆಂಪು ಬೊಟ್ಟು. ಬಾಗಿಲಿನಿಂದ ದೇವರ ಕೋಣೆಗೆ, ದೇವರ ಕೋಣೆಯಿಂದ ನನ್ನ ಕುರ್ಚಿಗೆ. ನನ್ನ ಬಲ ಪಾದದ ಕೆಳಗೆ, ಕಿರುಬೆರಳಿನ ಬುಡದಲ್ಲಿ ಒಂದು ತೂತು. ನನಗೆ ಏನೂ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆ ನನ್ನ ಪಾದದ ನೋವನ್ನು ಯಾವಾಗಲೋ ತೆಗೆದುಕೊಂಡು ಹೋಗಿತ್ತು. ನಾನು ಅದನ್ನು ಗಟ್ಟಿ ನಡಿಗೆ ಅಂದುಕೊಂಡಿದ್ದೆ.

ಮೊದಲ ಎರಡು ವಾರ ಇದು ದೊಡ್ಡ ವಿಷಯವೇ ಅಲ್ಲ ಎಂಬಂತೆ ನಡೆದುಕೊಂಡೆ. ಮೂರನೆಯ ವಾರ ವಾಸನೆ ಬಂತು. ಆಳಂದದ ಡಾಕ್ಟರು ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಕಡೆಗೆ "ಟೀಚರ್, ಕಲಬುರಗಿಗೆ ಹೋಗ್ರಿ" ಎಂದರು. ಅಲ್ಲಿ ಕೀವನ್ನು ಲ್ಯಾಬಿಗೆ ಕಳಿಸಿದರು. ಬಂದ ರಿಪೋರ್ಟಿನಲ್ಲಿ ಔಷಧಿಗಳ ಉದ್ದನೆಯ ಪಟ್ಟಿ, ಒಂದೊಂದರ ಮುಂದೆಯೂ ಒಂದೊಂದು ಅಕ್ಷರ. ಹೆಚ್ಚಿನ ಕಡೆ ಆರ್. ಆ ಔಷಧಿಗೆ ಈ ಕ್ರಿಮಿ ಬಗ್ಗುವುದಿಲ್ಲ ಎಂದು ಅರ್ಥ. ಎಷ್ಟೋ ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿದ ಕಣ್ಣು ನನ್ನದು. ಇಷ್ಟು ಸಬ್ಜೆಕ್ಟಿನಲ್ಲಿ ಒಟ್ಟಿಗೆ ಫೇಲಾದ ಕಾರ್ಡನ್ನು ಕಂಡಿರಲಿಲ್ಲ.

ಸರ್ಜನ್ ವಯಸ್ಸಾದವರು, ಮೆತ್ತಗೆ ಮಾತಾಡುವವರು. "ಮೊಣಕಾಲಿನ ಕೆಳಗೆ ತೆಗೀಬೇಕಾಗಬಹುದು, ಟೀಚರ್" ಎಂದರು.

"ಥ್ಯಾಂಕ್ಯೂ ಡಾಕ್ಟರ್, ಐ ವಿಲ್ ಥಿಂಕ್ ಅಬೌಟ್ ಇಟ್" ಎಂದೆ. ಅಂಗಡಿಯಲ್ಲಿ ಸೀರೆಯ ಬಣ್ಣ ಒಪ್ಪಿಗೆಯಾಗದಾಗ ಹೇಳುವ ಹಾಗೆ. ಕಾರಿನಲ್ಲಿ ಕೂತ ಮೇಲೆ ನನ್ನ ಹಲ್ಲು ಕಟಕಟ ಅನ್ನತೊಡಗಿತು. ಭಾಗಮ್ಮ ತನ್ನ ಸೆರಗಿನಿಂದ ನನ್ನ ಕೈಗಳನ್ನು ಸುತ್ತಿ ಹಿಡಿದುಕೊಂಡಳು, ಆಳಂದ ಬರುವ ತನಕ ಬಿಡಲಿಲ್ಲ.

ಸುದ್ದಿ ಹರಡಿತು, ಜನ ಬಂದರು. ಮೋಸಂಬಿ ಹಿಡಿದುಕೊಂಡು ಬಂದು ನನ್ನ ಮುಖ ನೋಡದೆ ಕಾಲನ್ನೇ ನೋಡುತ್ತಾ ಕೂರುತ್ತಿದ್ದರು. ಮೈದುನ ಹೊರಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬರುತ್ತಿದ್ದ. ದೂರದ ಸಂಬಂಧದ ಒಬ್ಬ ಅತ್ತಿಗೆ ಸಮಾಧಾನ ಹೇಳಿದಳು:

"ಈಗ ರಬ್ಬರ್ ಕಾಲು ಭಾಳ ಛಂದ ಬರ್ತಾವಂತ ಸುಶೀಲಕ್ಕ. ಖರೇ ಕಾಲಿನಂಗೇ ಕಾಣ್ತಾವಂತ."

ಒಳಗಿನಿಂದ ಭಾಗಮ್ಮನ ದನಿ ಬಂತು. "ಹಂಗಂದ್ರ ಮದಲ್ ನೀ ಒಂದ್ ಹಾಕ್ಕೊಂಡ್ ಬಾ ಬೇ, ನೋಡಿ ಆಮ್ಯಾಲ ನಾವು ತೊಗೋತೇವಿ."

ಒಂದು ತಿಂಗಳಲ್ಲಿ ನಾನು ಜೋರಾಗಿ ನಕ್ಕದ್ದು ಅವತ್ತೇ.

ಬೆಳಕಿನ ಚಿಕಿತ್ಸೆಯ ಮಾತು ಎತ್ತಿದವರು ಆ ಸರ್ಜನ್ನರೇ. ಅದೇ ಆಸ್ಪತ್ರೆಯಲ್ಲಿ ಗಾಯಗಳನ್ನು ನೋಡುವ ಬೇರೆ ವಿಭಾಗವಿತ್ತು, ಅಲ್ಲಿ ಜೇವರ್ಗಿ ಕಡೆಯ ಒಬ್ಬ ಹರೆಯದ ಡಾಕ್ಟರ್ ಮೇಡಂ. "ಆಕಿ ಹೊಸದೊಂದು ಮಾಡಾಕತ್ತಾಳ. ಆರು ಸಲ ಮಾಡಿ ನೋಡ್ಲಿ. ಗಾಯ ಇಳೀಲಿಲ್ಲಂದ್ರ ನೀವು ನನ್ನ ಕಡೆ ಬರ್ರಿ" ಎಂದರು. ನನ್ನ ಕಾಲಿಗೆ ಆರು ಸಲದ ಗಡುವು ಬಿತ್ತು.

ಡಾಕ್ಟರ್ ಮೇಡಂ ಜೇವರ್ಗಿ ಹತ್ತಿರದ ನೆಲೋಗಿ ಊರಿನವರು. ಕೊರಳಲ್ಲಿ ಸ್ಟೆತಸ್ಕೋಪು, ಕಾಲಲ್ಲಿ ಸಾದಾ ಚಪ್ಪಲಿ, ಮಾತು ನಮ್ಮದೇ. ನನ್ನ ಹತ್ತಿರ ಇಂಗ್ಲಿಷಿನಲ್ಲಿ ಶುರು ಮಾಡಿ, ಭಾಗಮ್ಮನ ಮುಖ ನೋಡಿ, ಕನ್ನಡಕ್ಕೆ ತಿರುಗಿಕೊಂಡರು.

"ನೋಡ್ರಿ, ಈ ನೀಲಿ ಬಣ್ಣ ಗಾಯದಾಗ ಹಾಕ್ತೇವಿ. ಅದು ಹೋಗಿ ಕ್ರಿಮಿಗೆ ಅಂಟ್ಕೋತದ. ಆಮ್ಯಾಲ ಮ್ಯಾಲಿಂದ ಕೆಂಪು ಬೆಳಕು ಬಿಡ್ತೇವಿ. ಬೆಳಕು ಬಿದ್ದಾಗ ಆ ಬಣ್ಣಕ್ಕ ಜೀವ ಬರ್ತದ, ಕ್ರಿಮಿ ಸಾಯ್ತಾವ. ಔಷಧಿಗೆ ಬಗ್ಗದ ಕ್ರಿಮಿನೂ ಇದಕ್ಕ ಬಗ್ಗೋದು ನೋಡೇನಿ. ಗ್ಯಾರಂಟಿ ಕೊಡಂಗಿಲ್ಲ."

"ಬಣ್ಣ, ಬೆಳಕು ಅಷ್ಟೇ ಏನ್ರಿ?" ಎಂದು ಭಾಗಮ್ಮ ಕೇಳಿದಳು.

"ಅಷ್ಟೇ ಅಲ್ರಿ. ಸತ್ತ ಚರ್ಮ ತೆಗೀಬೇಕು, ಸಕ್ಕರೆ ಹತೋಟಿಗೆ ಬರಬೇಕು, ಕಾಲ ಮ್ಯಾಲ ಭಾರ ಹಾಕಬಾರದು. ದಿನಾ ಮನ್ಯಾಗ ಡ್ರೆಸಿಂಗ್ ಮಾಡೋರು ಯಾರು?"

"ನಾನ್ರಿ" ಎಂದಳು ಭಾಗಮ್ಮ, ಹಾಜರಿ ಕೂಗಿದಾಗ ಎದ್ದು ನಿಲ್ಲುವ ಹುಡುಗಿಯ ಹಾಗೆ.

ಅದೊಂದು ಸಣ್ಣ ಕೋಣೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು. ಗಾಯ ತೊಳೆದು, ನೀಲಿಯಲ್ಲಿ ಅದ್ದಿದ ಗಾಜ್ ಬಟ್ಟೆ ಇಟ್ಟು, ಮೇಲೆ ಕಪ್ಪು ಬಟ್ಟೆ ಮುಚ್ಚಿ, ಕಾಯಲು ಹೇಳುತ್ತಿದ್ದರು. ಆಮೇಲೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ದೀಪ ಹಚ್ಚುತ್ತಿದ್ದರು. ಕನ್ನಡಕದೊಳಗಿಂದಲೂ ಒಂದು ಮಂದ ಕೆಂಪು ಕಾಣುತ್ತಿತ್ತು.

"ಉರಿ ಏನರ ಗೊತ್ತಾಗ್ತದೇನ್ರಿ ಟೀಚರ್?"

"ನಥಿಂಗ್."

"ಅದೇ ತ್ರಾಸ ನೋಡ್ರಿ ನಿಮ್ದು" ಎಂದು ಅವರು ನಿಟ್ಟುಸಿರು ಬಿಟ್ಟರು. ಉಳಿದವರು ಉರಿ ಎಂದು ಅಳುತ್ತಿದ್ದ ಕೋಣೆಯಲ್ಲಿ ನಾನು ಉರಿ ಬರಲಿ ಎಂದು ಬೇಡಿಕೊಳ್ಳುತ್ತಾ ಮಲಗಿದ್ದೆ.

ಈಗ ಹೇಳಲು ಕಷ್ಟವಾಗುವ ಭಾಗಕ್ಕೆ ಬರುತ್ತೇನೆ.

ಮೊದಲ ಸಲ ಬೆಳಕು ಹಾಕಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಕೈ ಕೆಳಗಿಳಿಸಿದಾಗ ಬೆರಳ ತುದಿಯಲ್ಲಿ ಬಿಳಿ ಪುಡಿ ಉಳಿದಿತ್ತು. ನಮ್ಮವ್ವ ನೆನಪಾದಳು. ಮೊಣಕಾಲು ತರಚಿಕೊಂಡು ಬಂದಾಗಲೆಲ್ಲ ಅವಳು ವಿಭೂತಿ ಗಟ್ಟಿಯನ್ನು ಉಜ್ಜಿ, ಊದಿ, ಹಚ್ಚಿ, "ಹೋತು, ಎಲ್ಲಾ ಹೋತು" ಅನ್ನುತ್ತಿದ್ದಳು. ಖರೇ ಹೋಗುತ್ತಿತ್ತು. ಬ್ಯಾಂಡೇಜಿನ ಅಂಚನ್ನು ಎತ್ತಿದೆ. ಒಂದು ಚಿಟಿಕೆ ಒಳಗೆ ಹಾಕಿ ಮುಚ್ಚಿಬಿಟ್ಟೆ.

ಭಯಕ್ಕೆ ಸೈನ್ಸ್ ಬೇಗ ಬಣ್ಣ ಕೊಡುತ್ತದೆ. ಇದು ಸುಟ್ಟ ಭಸ್ಮ, ಸುಟ್ಟದ್ದರಲ್ಲಿ ಕ್ರಿಮಿ ಇರುವುದಿಲ್ಲ, ಸ್ವಲ್ಪ ಆಲ್ಕಲೈನ್ ಬೇರೆ, ಒಳ್ಳೆಯದೇ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಕ್ಲಾಸಿನಲ್ಲಿ ಯಾವ ಹುಡುಗಿಯಾದರೂ ಹೀಗೆ ಹೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಮರುದಿನವೂ ಹಚ್ಚಿದೆ. ಆಸ್ಪತ್ರೆಗೆ ಹೋಗುವ ದಿನವೂ ಬಿಡಲಿಲ್ಲ. ಡ್ರೆಸಿಂಗ್ ಬಿಚ್ಚಿದಾಗ ಭಾಗಮ್ಮನಿಗೆ ಬೂದುಬಣ್ಣ ಕಾಣದೆ ಇರಲಿಲ್ಲ. ಅವಳು ಒಮ್ಮೆ ನನ್ನ ಹಣೆ ನೋಡಿದಳು, ಒಮ್ಮೆ ಗಾಯ ನೋಡಿದಳು, ಉಪ್ಪುನೀರಿನಲ್ಲಿ ಕೈಲಾದಷ್ಟು ತೊಳೆದು ಸುಮ್ಮನಾದಳು. ನಾನು ಪುಸ್ತಕ ಓದುತ್ತಿರುವವಳಂತೆ ಕೂತಿದ್ದೆ.

ಎರಡನೆಯ ಸಲ ಗಾಯ ಇಳಿಯಲಿಲ್ಲ. ಮೂರನೆಯ ಸಲ ಡಾಕ್ಟರ್ ಮೇಡಂ ಹುಬ್ಬು ಗಂಟಿಕ್ಕಿ, "ಬಣ್ಣ ನಡು ನಡುವ ಹಿಡೀವಲ್ದಲ್ಲ" ಎಂದು ತಮ್ಮಷ್ಟಕ್ಕೆ ಗೊಣಗಿದರು. "ಏನರ ಪೌಡರ್ ಹಚ್ಚೀರೇನು?"

"ನಥಿಂಗ್, ಡಾಕ್ಟರ್. ಅಬ್ಸಲ್ಯೂಟ್ಲಿ ನಥಿಂಗ್."

ಸುಳ್ಳು ಎಷ್ಟು ನಯವಾಗಿ ಬಂತು ಎಂದು ನನಗೇ ಗಾಬರಿಯಾಯಿತು. ನಿಜ ಹೇಳಿದ್ದರೆ ಏನಾಗುತ್ತಿತ್ತು? ಆ ಹುಡುಗಿಯ ಕಣ್ಣಿನಲ್ಲಿ ನಾನು ಏನೂ ಓದದ ಮುದುಕಿಯಾಗುತ್ತಿದ್ದೆ, ಅಷ್ಟೇ. ಅಷ್ಟಕ್ಕೆ ಒಂದು ಕಾಲನ್ನು ಪಣಕ್ಕಿಟ್ಟೆ.

ನಾಲ್ಕನೆಯ ಸಲ ಸಿಕ್ಕಿಬಿದ್ದೆ. ನರ್ಸ್ ಚಿಮಟದಿಂದ ಗಾಯದ ಮಡಿಕೆಯೊಳಗಿಂದ ಬೂದುಬಣ್ಣದ ಒಂದು ಮುದ್ದೆಯನ್ನು ಎತ್ತಿ ಸ್ಟೀಲ್ ತಟ್ಟೆಯಲ್ಲಿಟ್ಟಳು. ಡಾಕ್ಟರ್ ಮೇಡಂ ಅದನ್ನು ಬೆಳಕಿಗೆ ಹಿಡಿದರು, ಬೆರಳಲ್ಲಿ ಉಜ್ಜಿದರು, ನನ್ನ ಹಣೆ ನೋಡಲಿಲ್ಲ. ಸೀದಾ ಭಾಗಮ್ಮನ ಕಡೆ ತಿರುಗಿದರು.

"ಏನಿದು? ವಿಭೂತಿ ಅಲ್ಲೇನಿದು?"

ಭಾಗಮ್ಮ ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು.

"ಅವ್ವಾ, ನಾ ಏನ್ ಹೇಳಿದ್ದೆ ನಿಮಗ? ಕೈ ತೊಳ್ಕೋರಿ, ಉಪ್ಪುನೀರಾಗ ತೊಳೀರಿ, ಗಾಜ್ ಇಡ್ರಿ, ಕಟ್ರಿ. ಮತ್ತೇನಾದ್ರೂ ಹಾಕ್ರಿ ಅಂದಿದ್ನೇನು? ಬಣ್ಣ ಇಳೀಬೇಕಂದ್ರ ದಾರಿ ಬೇಕಲ್ಲ? ಬೆಳಕು ಹೋಗಬೇಕಂದ್ರ ದಾರಿ ಬೇಕಲ್ಲ? ನಡುವ ಬೂದಿ ಗ್ವಾಡಿ ಕಟ್ಟೀರಿ. ಇಲ್ಲೀತನಕ ಮಾಡಿದ್ದೆಲ್ಲಾ ದಂಡ ಆತು. ಇವರ ಕಾಲು ಹೋದ್ರ ಯಾರು ಜವಾಬ್ದಾರಿ?"

"ತಪ್ಪಾತ್ರಿ ಮೇಡಮ್ಮೋರೆ" ಎಂದಳು ಭಾಗಮ್ಮ. ತಲೆ ಎತ್ತಲಿಲ್ಲ. "ನಮಗ ತಿಳೀಲಿಲ್ರಿ. ಇನ್ನ ಹಚ್ಚಂಗಿಲ್ರಿ."

ನನ್ನ ಬಾಯಿ ತೆರೆಯಲಿಲ್ಲ. ಗಾಯ ತೊಳೆದರು, ನೀಲಿ ಹಾಕಿದರು, ಕಪ್ಪು ಬಟ್ಟೆ ಮುಚ್ಚಿದರು. ಭಾಗಮ್ಮನನ್ನು ಹೊರಗೆ ಕಳಿಸಿದರು. ಕನ್ನಡಕ ಹಾಕಿಕೊಂಡು ಆ ಮಂದ ಕೆಂಪಿನಲ್ಲಿ ಮಲಗಿದ್ದೆ. ನಲವತ್ತೈದು ವರ್ಷ ನಾನು ಅವಳಿಗೆ "ನಿನಗ ತಿಳಿಯಂಗಿಲ್ಲ" ಎಂದು ಎಷ್ಟು ಸಲ ಅಂದಿರಬೇಕು? ಈಗ ಅವಳು ಅದನ್ನೇ ಎತ್ತಿ ಮೈಮೇಲೆ ಹಾಕಿಕೊಂಡು ನನ್ನನ್ನು ಮುಚ್ಚಿದ್ದಳು. ಪಾದದಲ್ಲಿ ಉರಿ ಬರಲಿಲ್ಲ. ಮುಖದಲ್ಲಿ ಬಂತು.

ದೀಪ ಆರಿದ ಮೇಲೆ ಎದ್ದು ಕೂತೆ. ಡಾಕ್ಟರ್ ಮೇಡಂ ಎದುರಿನ ಮೇಜಿನಲ್ಲಿ ಕೇಸ್ ಶೀಟ್ ಬರೆಯುತ್ತಿದ್ದರು. ಮಕ್ಕಳ ನೋಟ್‌ಬುಕ್ಕುಗಳನ್ನು ತಲೆಕೆಳಗಾಗಿ ಓದಿ ರೂಢಿಯಾದವಳು ನಾನು. ಅಟೆಂಡೆಂಟ್ ಅಪ್ಲೈಯಿಂಗ್ ಆಶ್ ಟು ವೂಂಡ್, ಎಂದಿತ್ತು. ಜೊತೆಯಲ್ಲಿ ಬಂದವರು ಗಾಯಕ್ಕೆ ಬೂದಿ ಹಚ್ಚುತ್ತಿದ್ದಾರೆ ಎಂದು.

"ಡಾಕ್ಟರ್, ಅದು ತಪ್ಪು. ಹೊಡೆದು ಹಾಕಿ."

"ಯಾವುದ್ರಿ?"

"ಅಟೆಂಡೆಂಟ್ ಅಲ್ಲ. ಪೇಷಂಟ್. ಹಚ್ಚಿದವಳು ನಾನು. ಮೂರನೆಯ ಸಲ ನಿಮಗೆ ಸುಳ್ಳು ಹೇಳಿದವಳೂ ನಾನೇ."

ಪೆನ್ನು ನಿಂತಿತು. ಅವರು ನನ್ನನ್ನು ನೋಡಿದರು. ಈಗ ನನ್ನ ಹಣೆಯನ್ನೂ ನೋಡಿದರು. ಆ ಪದವನ್ನು ಹೊಡೆದು ಪೇಷಂಟ್ ಎಂದು ಬರೆದರು.

"ಮುಂದೆ ಬ್ರಾಕೆಟ್ಟಿನಲ್ಲಿ ರಿಟೈರ್ಡ್ ಸೈನ್ಸ್ ಟೀಚರ್ ಅಂತ ಬರೆಯಿರಿ."

"ಅದು ಯಾಕ ಬೇಕ್ರಿ ಟೀಚರ್."

"ಪ್ಲೀಸ್, ಬರೆಯಿರಿ. ಮುಂದೆ ಇದನ್ನು ಓದುವವರು ಇನ್ನೊಬ್ಬ ಭಾಗಮ್ಮನನ್ನು ಬೈಯುವ ಮೊದಲು ಒಂದು ಸಲ ಯೋಚನೆ ಮಾಡಲಿ."

ಬರೆದರು. ಆಮೇಲೆ ಎದ್ದು ಹೊರಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. ವೇಟಿಂಗ್ ಹಾಲಿನ ಅಷ್ಟೂ ಜನರ ಎದುರಿಗೆ ಅವರು ಭಾಗಮ್ಮನ ಮುಂದೆ ನಿಂತು, "ಅವ್ವಾ, ಕೇಳದೆ ಬೈದೆ, ತಪ್ಪಾತ್ರಿ ನಂದು" ಅನ್ನುವುದು ಕೇಳಿಸಿತು. ನಮ್ಮ ಜೇವರ್ಗಿ ಕಡೆಯ ಹುಡುಗಿ ಅದು. ನನ್ನ ವಿದ್ಯಾರ್ಥಿನಿಯಲ್ಲ, ಆದರೂ ನನ್ನ ಎದೆ ಉಬ್ಬಿತು.

ಭಾಗಮ್ಮನಿಗೆ ಮಾತ್ರ ಸಿಟ್ಟು ಬಂದಿತ್ತು. ಕಾರಿನ ತನಕ ಗಾಲಿಕುರ್ಚಿ ತಳ್ಳುತ್ತಾ ಬೈದಳು.

"ಯಾಕ ಹೇಳ್ದಿ ಯಕ್ಕಾ? ನಿನ್ನ ಹೆಸರು ದೊಡ್ಡದದ. ನಂದೇನದ, ನನಗ ಬೈಸಿಕೊಂಡು ರೂಢಿ ಆಗ್ಯದ."

"ಯಾರ್ ಕಡಿಂದ ರೂಢಿ ಆಗ್ಯದ ಬೇ?"

ಕುರ್ಚಿ ನಿಂತಿತು. "ಅದು ನಿನಗ ಗೊತ್ತಿಲ್ಲೇನ್?" ಎಂದಳು. ನಾನು ಸಾರಿ ಎಂದೆ. ಅವಳು, "ನಿನ್ನ ಸಾರಿ ತೊಗೊಂಡು ಏನ್ ಮಾಡ್ಲಿ, ಇನ್ನ ಮ್ಯಾಲ ಕಾಲು ನನ್ನ ಕೈಯಾಗ ಕೊಟ್ಟು ಸುಮ್ನ ಕೂಡು" ಎಂದಳು.

ನನ್ನ ಸುಳ್ಳಿಗೆ ಬೆಲೆ ಇತ್ತು. ಎಕ್ಸ್-ರೇಯಲ್ಲಿ ಕಿರುಬೆರಳಿನ ಎಲುಬು ಹುಳು ತಿಂದ ಕಾಳಿನಂತೆ ಕಂಡಿತು. ಸರ್ಜನ್ ಬಂದು, ಬೆರಳು ತೆಗೆಯಲೇಬೇಕು, ಕಾಲಿನದು ಈಗಲೇ ನಿರ್ಧಾರ ಮಾಡೋಣ ಎಂದರು. ಡಾಕ್ಟರ್ ಮೇಡಂ ಕೇಸ್ ಶೀಟ್ ಅವರ ಮುಂದೆ ಇಟ್ಟು, "ಸರ್, ನನ್ನ ನಾಲ್ಕು ಸಲ ಲೆಕ್ಕಕ್ಕಿಲ್ಲ. ಬೆರಳು ತೆಗೀರಿ, ಕಾಲಿಗೆ ಇನ್ನೂ ಆರು ಸಲ ಕೊಡ್ರಿ" ಎಂದರು. ಸರ್ಜನ್ ಓದಿದರು. ಬ್ರಾಕೆಟ್ಟಿಗೆ ಬಂದಾಗ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. "ಕೊಟ್ಟೆ" ಎಂದರು.

ಬೆರಳು ಹೋಯಿತು. ಬೂದಿ ಹಚ್ಚದಿದ್ದರೆ ಉಳಿಯುತ್ತಿತ್ತೇ ಎಂದು ಆಮೇಲೊಮ್ಮೆ ಕೇಳಿದೆ. "ಹೇಳಾಕ ಬರಂಗಿಲ್ರಿ ಟೀಚರ್" ಎಂದರು ಡಾಕ್ಟರ್ ಮೇಡಂ. ಇಲ್ಲ ಬಿಡ್ರಿ, ಹೇಗಿದ್ದರೂ ಹೋಗುತ್ತಿತ್ತು ಎಂದು ಅವರು ಸುಲಭವಾಗಿ ಹೇಳಬಹುದಿತ್ತು. ಹೇಳಲಿಲ್ಲ. ನಾನು ಅದಕ್ಕೇ ಅವರನ್ನು ಪೂರ್ತಿ ನಂಬಿದೆ.

ಆ ಆರು ಸಲಗಳನ್ನು ನೆನೆದರೆ ನನಗೆ ಈಗಲೂ ಭಾಗಮ್ಮನ ಕೈಗಳು ಕಾಣುತ್ತವೆ. ಮೊಣಕೈ ತನಕ ಸೋಪು, ಉಗುರು ಬುಡಕ್ಕೆ ಕತ್ತರಿಸಿದ್ದು, ಬಳೆ ಮೇಲಕ್ಕೆ ಸರಿಸಿ ದಾರದಿಂದ ಕಟ್ಟಿದ್ದು. ಡ್ರೆಸಿಂಗ್ ಮಾಡುವಾಗ ಮನೆಯಲ್ಲಿ ಫ್ಯಾನು ಬಂದ್, ಬಾಗಿಲು ಬಂದ್, ಮೈದುನನಿಗೆ ಒಳಗೆ ಪ್ರವೇಶವಿಲ್ಲ. ಒಂದು ದಿನ ಅವನು ಬಾಗಿಲಲ್ಲಿ ಇಣುಕಿ ಕೆಮ್ಮಿದ್ದಕ್ಕೆ, "ಕೆಮ್ಮೋದಿದ್ರ ಅಂಗಳದಾಗ ಹೋಗಿ ಕೆಮ್ಮು, ಇದು ದವಾಖಾನಿ" ಎಂದು ಓಡಿಸಿದಳು. ವಿಭೂತಿ ಗಟ್ಟಿಯನ್ನು ನನ್ನ ಕೈಗೆ ಸಿಗದ ಮೇಲಿನ ಗೂಡಿನಲ್ಲಿಟ್ಟಿದ್ದಳು. ಬೆಳಿಗ್ಗೆ ತಾನೇ ಬಂದು ನನ್ನ ಹಣೆಗೆ ಮೂರು ಬೆರಳು ಎಳೆದು, ನನ್ನ ಎದುರಿಗೇ ಕೈ ತೊಳೆದು ಹೋಗುತ್ತಿದ್ದಳು.

ಆಸ್ಪತ್ರೆಯ ದಿನಗಳಲ್ಲಿ ಬುತ್ತಿ ಕಟ್ಟುತ್ತಿದ್ದಳು, ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ. ಸರದಿ ಕಾಯುವ ಬೆಂಚಿನಲ್ಲಿ ಅದು ನಮಗಷ್ಟೇ ಉಳಿಯುತ್ತಿರಲಿಲ್ಲ. ಪಕ್ಕದವರ ಕಾಲು ಯಾವ ಹಂತದಲ್ಲಿದೆ, ಯಾರಿಗೆ ಇವತ್ತು ಎಷ್ಟು ಸಕ್ಕರೆ ಬಂದಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ನಾನು ಇಡೀ ಆಯುಷ್ಯದಲ್ಲಿ ಬಸ್ಸಿನಲ್ಲಿ ಪಕ್ಕದವರ ಜೊತೆ ಮಾತಾಡದವಳು, ಅವಳ ದೆಸೆಯಿಂದ ಆ ಹಾಲಿನ ಅರ್ಧ ಜನಕ್ಕೆ ಯಕ್ಕ ಆದೆ.

ಆರರಲ್ಲಿ ಎರಡನೆಯ ಸಲ ಬಣ್ಣ ಸಮನಾಗಿ ಹಿಡಿಯಿತು. ಮೂರನೆಯ ಸಲದ ಹೊತ್ತಿಗೆ ವಾಸನೆ ಹೋಯಿತು. ಅದನ್ನು ಮೊದಲು ಕಂಡುಹಿಡಿದವಳು ಭಾಗಮ್ಮ. ಬ್ಯಾಂಡೇಜು ಬಿಚ್ಚಿ, ಮೂಗು ಹತ್ತಿರ ತಂದು, ಇನ್ನೊಮ್ಮೆ ತಂದು, "ಯಕ್ಕಾ, ಏನೂ ಬರವಲ್ದು!" ಎಂದು ಕೂಗಿದಳು. ನಾಲ್ಕನೆಯ ಸಲದ ನಂತರ ಗಾಯದ ತಳದಲ್ಲಿ ಸಣ್ಣ ಸಣ್ಣ ಕೆಂಪು ಕಾಳುಗಳು ಮೂಡಿದವು, ದಾಳಿಂಬೆ ಬಿಡಿಸಿದ ಹಾಗೆ. ಹೊಸ ಮಾಂಸ ಅಂದರು ಡಾಕ್ಟರ್ ಮೇಡಂ. ಹೊಸ ರಿಪೋರ್ಟು ತರಿಸಿ ನನ್ನ ಮುಂದೆ ಹಿಡಿದು, "ಓದ್ರಿ ಟೀಚರ್, ನೀವೇ ಓದ್ರಿ" ಎಂದರು. ಆ ಹಳೆಯ ಕ್ರಿಮಿ ಬೆಳೆದಿರಲಿಲ್ಲ. ನಾನು ಜೋರಾಗಿ ಓದಿದೆ, ಇಡೀ ಕ್ಲಾಸಿಗೆ ಕೇಳುವಂತೆ. ನರ್ಸ್ ಚಪ್ಪಾಳೆ ತಟ್ಟಿದಳು. ಭಾಗಮ್ಮ, "ಪಾಸೇನ್?" ಎಂದು ಕೇಳಿದಳು.

ಆರನೆಯ ಸಲ ಮುಗಿದ ದಿನ ಸರ್ಜನ್ ಬಂದು ಬಗ್ಗಿ ನೋಡಿ, ಕೈಗವಸು ಕಳಚಿ, "ನನಗ ಇಲ್ಲಿ ಕೆಲಸ ಇಲ್ಲ ಬಿಡ್ರಿ" ಎಂದು ಹೊರಟುಹೋದರು. ಅಂಥ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿರಲಿಲ್ಲ. ಗಾಯ ಪೂರ್ತಿ ಮುಚ್ಚಲು ಬೇಸಿಗೆಯ ಬಿಸಿಲು ಏರಿ ಇಳಿಯುವ ತನಕ ಹಿಡಿಯಿತು. ಈಗ ಮೆತ್ತನೆಯ ವಿಶೇಷ ಚಪ್ಪಲಿ ಹಾಕಿಕೊಂಡೇ ಮನೆಯೊಳಗೂ ನಡೆಯುತ್ತೇನೆ. ನಾಲ್ಕು ಬೆರಳಿನ ಕಾಲು ಸ್ವಲ್ಪ ಹೊರಕ್ಕೆ ವಾಲುತ್ತದೆ. ನೋಡುವವರು ನೋಡಲಿ.

ಹೋದ ತಿಂಗಳು ತೋರಿಸಲು ಕಲಬುರಗಿಗೆ ಹೋಗಿದ್ದೆವು. ಹಾಲಿನಲ್ಲಿ ನನ್ನ ಪಕ್ಕ ಅಫಜಲಪುರ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಐವತ್ತರ ಆಸುಪಾಸು, ಹೆಸರು ಶರಣಮ್ಮ. ಎಡಗಾಲಿಗೆ ಹಳೆಯ ಸೀರೆಯ ತುಂಡು ಸುತ್ತಿತ್ತು. ಮಗಳು ಚೀಟಿ ಮಾಡಿಸಲು ಹೋಗಿದ್ದಳು. ಅವಳ ಎರಡೂ ಕೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

"ಬೆಳಕು ಹಾಕ್ತಾರಂತಲ್ರಿ. ಸುಡ್ತದೇನ್ರಿ?"

"ಕೆಲವರಿಗೆ ಸ್ವಲ್ಪ ಉರೀತದ. ನನಗ ಗೊತ್ತಾಗಲಿಲ್ಲವ್ವ."

"ನಿಮಗೂ ಹಾಕ್ಯಾರೇನ್ರಿ?" ಅವಳು ನನ್ನ ಇಸ್ತ್ರಿ ಮಾಡಿದ ಸೀರೆಯನ್ನೂ ಕನ್ನಡಕವನ್ನೂ ನೋಡಿದಳು. ನಂಬಿಕೆ ಬಂದಂತೆ ಕಾಣಲಿಲ್ಲ. "ನೀವು ಕಲ್ತೋರು. ನಿಮ್ದು ಬ್ಯಾರೆ ಇರ್ತದ್ರಿ."

ನಾನು ಚಪ್ಪಲಿಯ ಪಟ್ಟಿ ಬಿಚ್ಚಿದೆ. ಎದುರಿಗಿದ್ದ ಸ್ಟೂಲಿನ ಮೇಲೆ ಕಾಲು ಎತ್ತಿ ಇಟ್ಟೆ. ನಾಲ್ಕು ಬೆರಳು, ಕಿರುಬೆರಳಿನ ಜಾಗದಲ್ಲಿ ಒಂದು ಹೊಳೆಯುವ ಗೆರೆ, ಪಾದದ ಕೆಳಗೆ ತಿಳಿಗೆಂಪು ಚರ್ಮ. ಅತ್ತಿತ್ತಲಿನ ಒಂದಿಬ್ಬರು ಕತ್ತು ಚಾಚಿದರು. ಶರಣಮ್ಮ ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು.

"ಬೆರಳು ಹೆಂಗ್ ಹೋತ್ರಿ?"

"ಗಾಯಕ್ಕ ವಿಭೂತಿ ಹಚ್ಚಿದ್ದೆ. ಡಾಕ್ಟರ್ ಕೇಳಿದ್ರು, ಇಲ್ಲ ಅಂದೆ. ನಾಲ್ಕು ಸಲದ ಬೆಳಕು ದಂಡ ಆತು."

"ನೀವು?"

"ನಾನೇ. ಸೈನ್ಸ್ ಟೀಚರ್."

ಬಾಜೂಕ ಕೂತ ಭಾಗಮ್ಮ ರೊಟ್ಟಿ ಮುರಿಯುತ್ತಾ, "ಸುಳ್ಳು ಭಾಳ ಛಂದ ಹೇಳ್ತಾಳ್ರಿ ನಮ್ಮಕ್ಕ, ಇಂಗ್ಲಿಷಿನ್ಯಾಗ" ಎಂದಳು.

ಶರಣಮ್ಮ ನಗಲಿಲ್ಲ. ತನ್ನ ಕಾಲಿನ ಸೀರೆಯ ತುಂಡನ್ನು ನೋಡುತ್ತಾ ಕೂತಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಮಗಳು ಓಡಿ ಬಂದು ತೋಳು ಹಿಡಿದು ಎಬ್ಬಿಸಿ, ಕಿವಿಯಲ್ಲಿ ಏನೋ ಪಿಸುಗುಟ್ಟಿದಳು; "ಅದೆಲ್ಲಾ ಹೇಳಬ್ಯಾಡ, ಬೈತಾರ" ಎಂಬಷ್ಟು ನನಗೆ ಕೇಳಿಸಿತು. ಇಬ್ಬರೂ ಕುಂಟುತ್ತಾ ಬಾಗಿಲ ತನಕ ಹೋದರು. ಹೊಸ್ತಿಲಲ್ಲಿ ಶರಣಮ್ಮ ನಿಂತಳು. ಮಗಳ ಕೈಯನ್ನು ತೋಳಿನಿಂದ ಬಿಡಿಸಿಕೊಂಡಳು. ಆಮೇಲೆ ಒಳಗೆ ನೋಡಿ, ಇಡೀ ಹಾಲಿಗೆ ಕೇಳುವಂತೆ ಹೇಳಿದಳು:

"ಮೇಡಮ್ಮೋರೆ, ಬಿಚ್ಚೋಕಿಂತ ಮದಲ್ ಒಂದ್ ಮಾತ್ ಹೇಳ್ತೇನ್ರಿ. ನಾನೂ ಹಚ್ಚೇನಿ."